ವೈಪಿ ಎಂಜಿನ್ ಮಾದರಿಗೆ ಹಿತ್ತಾಳೆನಾ, ಪ್ಲಾಸ್ಟಿಕ್ಕಾ?

ಅರಸೀಕೆರೆ ಮೀಟರ್‌ಗೇಜ್:
ಮೀಟರ್‌ಗೇಜ್ ರೈಲು ಎಳೀತಿದ್ದ ವೈಪಿ ಉಗಿ ಎಂಜಿನ್ನಿನ ಪುಟ್ಟ ಮಾದರಿಯನ್ನ 1:87 ಅಳತೆಯಲ್ಲಿ, 12 ಮಿ.ಮೀ. ಹಳಿಗೆ ಮಾಡ್ತಾ ಇದೀನಿ. ಚಿಕ್ಕವನಿದ್ದಾಗ ಅರಸೀಕೆರೆಯಲ್ಲಿ ಇದರ ಕಿಡಿ ಹಾರಿ ಹೊಸ ಅಂಗಿ ತೂತಾಗಿ ಅಪ್ಪನ ಕೈಲಿ ಬೈಸಿಕೊಂಡಿದ್ದೆ, ಅದಕ್ಕೇ ಇದೇ ಎಂಜಿನ್ ಬೇಕು. ಪ್ಲಾಸ್ಟಿಕ್ ಹಾಳೆಯಲ್ಲಿ ಮಾಡಿದ ಮೊದಲನೆಯದು ತೀರಾ ಹಗುರ. ಎರಡು ಬೋಗಿ ಕಟ್ಟಿದ್ರೆ ಚಕ್ರ ನಿಂತಲ್ಲೇ ಗಿರಗಿರ. ಈಗ 0.3 ಮಿ.ಮೀ. ಹಿತ್ತಾಳೆ ತಗಡು ತಂದಿದೀನಿ, ಆದರೆ ಬೆಸುಗೆ ಕೂರ್ತಾನೇ ಇಲ್ಲ. ಗೋಲಿ ಗೋಲಿಯಾಗಿ ಉರುಳಿ ಬೀಳುತ್ತೆ. ಬೆಸುಗೆ ಹಾಕೋ ಐರನ್ 25 ವ್ಯಾಟಿಂದು. ಹಿತ್ತಾಳೆ ಸಹವಾಸ ಬಿಟ್ಟುಬಿಡ್ಲಾ?

ಹಳೇ ಫಿಟ್ಟರ್:
ಬಿಡಬೇಡಿ ಸರ್. ತಪ್ಪು ಹಿತ್ತಾಳೆದಲ್ಲ, ಐರನ್‌ದು. 25 ವ್ಯಾಟ್ ರೇಡಿಯೋ ರಿಪೇರಿಗೆ ಸಾಕು. ಹಿತ್ತಾಳೆ ಕಾವನ್ನ ಎಳಕೊಂಡು ತಗಡಿನ ತುಂಬಾ ಹರಡಿಬಿಡುತ್ತೆ, ಜಾಯಿಂಟ್ ಹತ್ರ ಬೆಸುಗೆ ಕರಗೋ 190 ಡಿಗ್ರಿ ಮುಟ್ಟೋದೇ ಇಲ್ಲ. 60 ವ್ಯಾಟ್, ಅಗಲ ತುದಿಯದು ತಗೊಳ್ಳಿ. ದೇವರ ದೀಪ ಬೆಳಗೋ ಹಾಗೆ ತಗಡಿಗೆ ಹುಣಸೆಹಣ್ಣು ಹಾಕಿ ತಿಕ್ಕಿ, ತೊಳೆದು ಒಣಗಿಸಿ. ಆಮೇಲೆ ಬೆರಳು ತಾಗಿಸಬೇಡಿ. ಬೆಸುಗೆ ಹಿಡಿಯೋಕೆ ಹಚ್ಚೋ ಫ್ಲಕ್ಸ್ ಹಚ್ಚಿ, ಎರಡೂ ಅಂಚಿಗೆ ತೆಳ್ಳಗೆ ಬೆಸುಗೆಯದೇ ಕಲಾಯಿ ಮಾಡ್ಕೊಂಡು ಕೂಡಿಸಿ. ಮುಗಿದ ಮೇಲೆ ಬಿಸಿನೀರಲ್ಲಿ ತೊಳೀದೇ ಇಟ್ರೆ ಹಸಿರು ಕಿಲುಬು ಗ್ಯಾರಂಟಿ.

ರಿವೆಟ್ ಸಾಲನ್ನ ತಗಡು ಚಪ್ಪಟೆ ಇರುವಾಗಲೇ ಹಿಂದಿನಿಂದ ಮೊಂಡು ಸೂಜಿಯಲ್ಲಿ ಒತ್ತಿಬಿಡಿ. ಬಾಯ್ಲರ್ ಸುತ್ತೋ ಮುಂಚೆ ಮಂದ ಕೆಂಪಾಗೋವರೆಗೆ ಕಾಯಿಸಿ ಆರಿಸಿ, ಮೆತ್ತಗಾಗುತ್ತೆ. ನಾನು ಕಾಯಿಸದೆ ಬಗ್ಗಿಸಿ, ನೆಟ್ಟಗೆ ಮಾಡಿ, ಮತ್ತೆ ಬಗ್ಗಿಸಿ ಎರಡು ತಗಡು ಸೀಳಿದೀನಿ. ಬೇಕಾದ್ದಕ್ಕಿಂತ ಸಣ್ಣ ಸರಳಿಗೆ ಸುತ್ತಿ, ಕೈ ಬಿಟ್ಟ ತಕ್ಷಣ ಸ್ವಲ್ಪ ಬಿಚ್ಚಿಕೊಳ್ಳುತ್ತೆ. ಬಾಯ್ಲರ್, ಫ್ರೇಮ್, ಡ್ರೈವರ್ ನಿಲ್ಲೋ ಕ್ಯಾಬ್ ಹಿತ್ತಾಳೆದಾದ್ರೆ ಭಾರ ತಾನಾಗೇ ಬರುತ್ತೆ. ಎಂಜಿನ್ ಹಿಂದಿನ ಬಂಡಿ, ಅಂದ್ರೆ ಟೆಂಡರ್ ಒಳಗಿನ ಕಲ್ಲಿದ್ದಲ ರಾಶಿಗೂ ಹಿತ್ತಾಳೆ ಯಾಕೆ? ಅದಕ್ಕೆ ಪ್ಲಾಸ್ಟಿಕ್ಕೇ ಇರಲಿ.

ಚುಕುಬುಕು:
ಚಕ್ರದ ರಾಡುಗಳಿಗೆ ಜರ್ಮನ್ ಸಿಲ್ವರ್ ನೋಡಿ. ಬೆಳ್ಳಿ ಹೆಸರಲ್ಲಷ್ಟೇ. ತಾಮ್ರ, ನಿಕಲ್, ಸತುವಿನ ಮಿಶ್ರಣ ಅದು. ನೋಡೋಕೆ ಉಕ್ಕಿನ ಥರಾನೇ, ಪೇಂಟ್ ಹೊಡಿಯೋ ತಾಪತ್ರಯ ಇಲ್ಲ.

ಅರಸೀಕೆರೆ ಮೀಟರ್‌ಗೇಜ್:
60 ವ್ಯಾಟ್ ತಂದೆ, ಕ್ಯಾಬ್ ನಿಂತಿತು! ಮನೆಯವಳ ಹುಣಸೆಹಣ್ಣು ಅರ್ಧ ಖಾಲಿ. ಆದರೆ ಬಾಯ್ಲರ್ ಮೇಲಿನ ಗುಬ್ಬಟ, ಆ ಡೋಮಿಗೆ ಬೆಸುಗೆ ಹಾಕೋಕೆ ಹೋದ್ರೆ, ಆಗಲೇ ಕೂರಿಸಿದ್ದ ಚಿಮಣಿ ಪಕ್ಕಕ್ಕೆ ಮಲಗಿಬಿಡ್ತು.

ಹಳೇ ಫಿಟ್ಟರ್:
ಚಿಮಣಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಮಾಡಿ. ಆಗಲೂ ಸರಿಹೋಗಲಿಲ್ಲ ಅಂದ್ರೆ ಡೋಮನ್ನ ಅರಾಲ್ಡೈಟಲ್ಲಿ ಅಂಟಿಸಿ. ನಾನು ಯಾರಿಗೂ ಹೇಳಲ್ಲ.