ಮರು: ಪದ ಬೇಕು, ಗಾಲ್ಫ್‌ನ ‘ಕೋರ್ಸ್ ಮ್ಯಾನೇಜ್‌ಮೆಂಟ್’ಗೆ

ಎಲ್ಲರಿಗೂ ನಮಸ್ಕಾರ. ಉತ್ತರ ಬರೆದವರಿಗೆ ಥ್ಯಾಂಕ್ಸ್. ಆದರೆ ಬಂದದ್ದರಲ್ಲಿ ಮುಕ್ಕಾಲು ಪಾಲು ‘ಗಾಲ್ಫ್’ ಅನ್ನುವ ಪದದ ಮೇಲೇ ಜಗಳ. ನಾನು ಕೇಳಿದ್ದು ಅದಲ್ಲ, ಯಾವ ಹೊಡೆತ ಎಲ್ಲಿಗೆ ಅಂತ ಮೊದಲೇ ಯೋಚಿಸಿ ಆಡುವ ‘ಕೋರ್ಸ್ ಮ್ಯಾನೇಜ್‌ಮೆಂಟ್’ಗೆ ಒಂದು ಕನ್ನಡ ಪದ. ವಿರಾಜಪೇಟೆ ಕಡೆಯ ಒಂದು ಗಾಲ್ಫ್ ಮೈದಾನಕ್ಕೆ ಕನ್ನಡದ ಬೋರ್ಡ್ ಬರೆದುಕೊಡಬೇಕು, 18 ಹೋಲ್‌ಗೂ ಒಂದೊಂದು. ಪೇಂಟರ್ ಗುರುವಾರ ಬರುತ್ತಾರೆ.

ಮೊದಲು ‘ಮೈದಾನ ನಿರ್ವಹಣೆ’ ಬಿಟ್ಟುಬಿಡಿ. ಅದು ಹುಲ್ಲು ಕತ್ತರಿಸುವವರ ಕೆಲಸ. ಇಲ್ಲಿ ಹೇಳಬೇಕಾದ್ದು ಆಡುವವರ ತಲೆಯೊಳಗಿನ ಕೆಲಸ. ಗ್ರೀನ್‌ನಿಂದ, ಅಂದರೆ ಹೋಲ್ (ಗುಂಡಿ) ಇರುವ ನುಣುಪು ಹುಲ್ಲಿನ ಜಾಗದಿಂದ, ಹಿಂದಕ್ಕೆ ಯೋಚನೆ ಮಾಡಬೇಕು. ನನಗೆ 100 ಗಜದಿಂದ ಚೆನ್ನಾಗಿ ಹೊಡೆಯಲು ಬರುತ್ತದೆ ಅಂದರೆ ಅದರ ಹಿಂದಿನ ಹೊಡೆತ ಎಲ್ಲಿ ನಿಲ್ಲಬೇಕು? ಚೆಂಡು ಗಡಿಯ ಬಿಳಿ ಗೂಟ ದಾಟಿದರೆ ಒಂದು ಹೊಡೆತದ ದಂಡ, ಅದರ ಮೇಲೆ ಹೊಡೆದ ಜಾಗಕ್ಕೇ ವಾಪಸ್. ಹಾಗಿರುವಾಗ ತುಂಬ ದೂರ ಹೊಡೆಯುವ ಕ್ಲಬ್ (ಕೋಲು) ಡ್ರೈವರ್ ತೆಗೆಯಬೇಕಾ, ಅದಕ್ಕಿಂತ ಕಡಿಮೆ ದೂರದ ಐರನ್ ಸಾಕಾ? ನಮ್ಮ ಕೊಡಗಿನಲ್ಲಿ ಇನ್ನೂ ಒಂದಿದೆ. ಜುಲೈ ಮಳೆಯಲ್ಲಿ ಚೆಂಡು ಬಿದ್ದಲ್ಲೇ ಕೂರುತ್ತದೆ. ಫೆಬ್ರವರಿಯಲ್ಲಿ ಅದೇ ಇಳಿಜಾರಿನಲ್ಲಿ ಉರುಳಿ ಉರುಳಿ ಪೊದೆ ಸೇರುತ್ತದೆ.

‘ರಣತಂತ್ರ’ ಬೇಡವೇ ಬೇಡ. ಎದುರಿಗಿರುವುದು ನೆಲ, ಗಾಳಿ ಮತ್ತು ನಮ್ಮದೇ ಕೈ. ಯುದ್ಧ ಎಲ್ಲಿಂದ ಬಂತು? ‘ಹೂಟ’ ಅಂದವರಿಗೆ: ಕನ್ನಡದಲ್ಲಿ ಹೂಟದ ಪಕ್ಕ ಯಾವಾಗಲೂ ಸಂಚು ಕೂತಿರುತ್ತದೆ.

ನನಗೆ ತುಂಬ ಇಷ್ಟವಾದದ್ದು ‘ಹವಣಿಕೆ’. ಹವಣು ಅಂದರೆ ಅಳತೆ. ಹಳೆಗನ್ನಡದ ಪವಣ್ ಅದು, ಪಾಲ್ ಹಾಲಾದ ಹಾಗೆ ಹವಣು ಆಯಿತು. ನೆಲದ ಅಳತೆ, ಕೈಯ ಅಳತೆ ಎರಡೂ ಅದರಲ್ಲಿವೆ. ಎರಡು ದಿನ ಅದೇ ಪದ ಹಿಡಿದು ಕೂತಿದ್ದೆ. ಆದರೆ ಇವತ್ತು ‘ಹವಣಿಸುತ್ತಿದ್ದಾನೆ’ ಅಂದರೆ ಓದುವವರಿಗೆ ಯಾರದೋ ಆಸ್ತಿ ಕಬಳಿಸಲು ಹೊರಟವನು ಕಾಣುತ್ತಾನೆ, ಅಲ್ವಾ? ಒಳ್ಳೆಯ ಪದ. ಬೋರ್ಡಿಗೆ ಆಗುವುದಿಲ್ಲ.

ಕೊನೆಗೆ ಪದ ಸಿಕ್ಕಿದ್ದು ಮೈದಾನದಲ್ಲೇ. ಭಾನುವಾರ ಒಬ್ಬರ ಚೆಂಡು ಸಿಲ್ವರ್ ಓಕ್ ಮರದ ಬುಡದಲ್ಲಿ, ಎಲೆಗಳ ನಡುವೆ ಬಿದ್ದಿತ್ತು. ಅವರು ಉದ್ದದ ಕ್ಲಬ್ಬಿಗೆ ಕೈ ಚಾಚಿದರು. ಅವರ ಕ್ಲಬ್ಬುಗಳನ್ನು ಹೊರುವ ವಯಸ್ಸಾದ ಕ್ಯಾಡಿ ಬ್ಯಾಗನ್ನು ಸ್ವಲ್ಪ ಆಚೆ ತಿರುಗಿಸಿ ಏಳನೇ ಐರನ್ ಎಳೆದು ಕೊಟ್ಟರು. “ಸುಮ್ನೆ ಬೀಸ್ಬೇಡಿ ಸಾರ್, ಲೆಕ್ಕ ಹಾಕಿ ಆಡಿ. ಮೊದ್ಲು ಫೇರ್‌ವೇಗೆ ಬರ್ಲಿ” ಅಂದರು. ಫೇರ್‌ವೇ ಅಂದರೆ ಗ್ರೀನ್‌ವರೆಗಿನ ಕತ್ತರಿಸಿದ ಹುಲ್ಲಿನ ದಾರಿ.

ಲೆಕ್ಕ ಹಾಕಿ ಆಡುವುದು. ಇಂಗ್ಲಿಷಿನವರು ನಾಮಪದ ಮಾಡಿದ್ದನ್ನು ನಾವು ಕ್ರಿಯಾಪದದಲ್ಲೇ ಹೇಳುತ್ತೇವೆ. ಬೋರ್ಡಿನ ತಲೆಬರಹಕ್ಕೆ ‘ಆಟದ ಲೆಕ್ಕಾಚಾರ’ ಅಂತ ಇಡುತ್ತೇನೆ, ಕೆಳಗಿನ ಸಾಲುಗಳಲ್ಲಿ ‘ಲೆಕ್ಕ ಹಾಕಿ’.

ಲೆಕ್ಕವೂ ಸಂಸ್ಕೃತದ ಲೇಖದಿಂದ ಬಂದದ್ದು, ಅಚ್ಚಗನ್ನಡ ಅಲ್ಲ ಅಂತ ಈಗಾಗಲೇ ಒಬ್ಬರು ಬರೆದಿದ್ದಾರೆ. ಇರಲಿ. ಅಂಗಡಿ ಲೆಕ್ಕ, ಮನೆ ಲೆಕ್ಕ, ಕೂಲಿ ಲೆಕ್ಕ ಬರೆಯುವ ಜನರಿಗೆ ಅದು ಪರಕೀಯ ಅನ್ನಿಸಿಲ್ಲ. ಕಾಫಿ ತೋಟದಲ್ಲಿ ನಾವು ಲೈನ್ ಮನೆ, ರೈಟರ್, ಪಲ್ಪರ್ ಅಂತಲೇ ಅನ್ನುತ್ತೇವೆ. 1997ರಲ್ಲಿ ಕೊಡಗಿನ ಕರಡ ಊರಿನಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಹಾಕಿ ಹಬ್ಬವೇ. ‘ಹಾಕಿ’ಗೆ ಅಚ್ಚಗನ್ನಡ ಪದ ಬೇಕು ಅಂತ ಅಲ್ಲಿ ಯಾರೂ ಆಟ ನಿಲ್ಲಿಸಲಿಲ್ಲ. ಗಾಲ್ಫ್‌ಗೆ ‘ಗುಂಡಿಚೆಂಡಾಟ’ ಅಂತ ಬರೆದರೆ ಕ್ಯಾಡಿಗಳೇ ಓದುವುದಿಲ್ಲ. ಹೋಲ್, ಗ್ರೀನ್, ಬಂಕರ್ (ಮರಳಿನ ಹಳ್ಳ) ಹಾಗೇ ಇರುತ್ತವೆ. ಈ ಬಗ್ಗೆ ನನ್ನ ಕಡೆಯಿಂದ ಇಷ್ಟೇ.

ಇನ್ನೊಂದು ಪದ ಉಳಿದಿದೆ. ಮುಂದೆ ನೀರಿದೆ ಅಂತ ಬೇಕಂತಲೇ ಚೆಂಡನ್ನು ಅದಕ್ಕೆ ಮೊದಲೇ ನಿಲ್ಲಿಸುವ ‘ಲೇ ಅಪ್’. ‘ತಡೆದು ಹೊಡೆಯಿರಿ’ ಅಂತ ಬರೆದುಕೊಂಡಿದ್ದೇನೆ. ಆದರೆ ಸ್ವಲ್ಪ ಹೊತ್ತು ಕಾದು ಹೊಡೆಯಿರಿ ಅಂತಲೂ ಅರ್ಥವಾಗುತ್ತದೆ. ‘ನೀರಿನ ಈಚೆಗೇ ನಿಲ್ಲಿಸಿ’ ಅಂದರೆ ಸರಿಹೋಗುತ್ತದಾ? ಬುಧವಾರ ರಾತ್ರಿಯೊಳಗೆ ತಿಳಿಸಿ.