ಬ್ಲೂಗ್ರಾಸ್‌ನ ‘ಟೆನರ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಅಮೆರಿಕದ ಹಳ್ಳಿಗಾಡಿನ ಸಂಗೀತವಾದ ಬ್ಲೂಗ್ರಾಸ್‌ನ ಹಾಡಿಕೆಯ ಬಗ್ಗೆ ಕನ್ನಡದಲ್ಲಿ ಒಂದು ಬರಹ ಬರೆಯಲು ಕೂತಿದ್ದೇನೆ. ‘ಟೆನರ್’ ಹತ್ತಿರ ಬಂದು ಗಾಡಿ ನಿಂತಿದೆ.

ಸಾಮಾನ್ಯವಾಗಿ ಟೆನರ್ ಅಂದರೆ ಗಂಡಸಿನ ಏರುದನಿ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಅದು ಸರಿ, ಅಲ್ಲಿ ಅದು ಗಂಟಲಿನ ಜಾತಿ. ಬ್ಲೂಗ್ರಾಸ್‌ನಲ್ಲಿ ಅದು ಗಂಟಲಲ್ಲ, ಪಾಲಿಗೆ ಬಂದ ಕೆಲಸ. ಮೂಲ ಮಟ್ಟು ಹಾಡುವವರು ಲೀಡ್, ಅದರ ಮೇಲಿನದು ಟೆನರ್, ಕೆಳಗಿನದು ಬ್ಯಾರಿಟೋನ್. ನಮ್ಮ ಸ್ವರಗಳಲ್ಲೇ ಹೇಳುವುದಾದರೆ, ಲೀಡ್ ‘ಸ’ ಹಿಡಿದಾಗ ಟೆನರ್ ಮೇಲಿನ ‘ಗ’ ಹಿಡಿಯುತ್ತದೆ, ಬ್ಯಾರಿಟೋನ್ ಕೆಳಗಿನ ‘ಪ’. ಹೆಂಗಸರು ಹಾಡಿದರೂ ಅದು ಟೆನರೇ.

‘ಹಿಮ್ಮೇಳ’ ಅನ್ನಬಹುದಲ್ವಾ ಅಂತ ಯಾರಾದರೂ ಕೇಳುತ್ತೀರಿ. ನನಗೆ ಒಪ್ಪಿಗೆಯಿಲ್ಲ. ನಮ್ಮಲ್ಲಿ ಸೋಬಾನೆ ಪದಕ್ಕೆ ಸೊಲ್ಲು ಕೊಡುವವರು ಅದೇ ಮಟ್ಟನ್ನೇ ಹಾಡುತ್ತಾರೆ, ಬೇರೆ ಸ್ವರ ಹಿಡಿಯುವುದಿಲ್ಲ. ಅದೂ ಅಲ್ಲದೆ 1946ರ ಹೊತ್ತಿಗೆ ಬಿಲ್ ಮನ್ರೋ ತಂಡದಲ್ಲಿ ಲೆಸ್ಟರ್ ಫ್ಲಾಟ್ ಲೀಡ್ ಹಾಡಿದರೆ, ಪಲ್ಲವಿಯಲ್ಲಿ ಟೆನರ್ ಹಾಡುತ್ತಿದ್ದವರು ಸ್ವತಃ ಮನ್ರೋ, ತಂಡದ ಯಜಮಾನ! ಎದೆದನಿಯನ್ನೇ ಮೇಲಕ್ಕೆ ನೂಕಿ, ಚೂರು ಮೂಗು ಬೆರೆಸಿ, ಸಾಲಿನ ಕೊನೆಯ ಸ್ವರವನ್ನು ಜಾಸ್ತಿ ಅಲುಗಿಸದೆ ನೆಟ್ಟಗೆ ಎಳೆದು ನಿಲ್ಲಿಸುವ ಆ ದನಿಯನ್ನು ಹಿಮ್ಮೇಳ ಅಂದರೆ ಕೇಳಿದವರು ನಗುತ್ತಾರೆ.

ಸರಿ, ‘ಮೇಲ್ದನಿ’, ‘ಕೆಳದನಿ’ ಅಂತ ಇಟ್ಟುಕೊಳ್ಳೋಣ ಅಂದುಕೊಂಡೆ. ಅಷ್ಟರಲ್ಲಿ ಇನ್ನೊಂದು ಬ್ಲೂಗ್ರಾಸ್ ತಂಡದವರಾದ ಆಸ್ಬೋರ್ನ್ ಸಹೋದರರು ಅಡ್ಡ ಬಂದರು. 1958ರ ಸುಮಾರಿಗೆ ಇವರು ಮೂಲ ಮಟ್ಟನ್ನೇ ಎಲ್ಲಕ್ಕಿಂತ ಮೇಲಿಟ್ಟರು, ಬಾಬಿ ಆಸ್ಬೋರ್ನ್ ಗಂಟಲು ಅಂಥದ್ದು. ಬ್ಯಾರಿಟೋನ್ ಅದರ ಕೆಳಗೆ. ಟೆನರಿನ ‘ಗ’ ಒಂದು ಸ್ಥಾಯಿ ಇಳಿದು ಎಲ್ಲಕ್ಕಿಂತ ತಳಕ್ಕೆ ಹೋಯಿತು, ಹೆಸರು ಮಾತ್ರ ಟೆನರ್ ಅಂತಲೇ ಉಳಿಯಿತು. ಈಗ ‘ಕೆಳಗಿನ ಮೇಲ್ದನಿ’ ಅಂತ ಬರೆಯಬೇಕೇ?

ಹಾಗಾಗಿ ಜಾಗ ನೋಡಿ ಹೆಸರಿಡುವುದು ಬಿಟ್ಟು ಟೆನರಿಗೆ ‘ಮೊದಲ ಜೊತೆದನಿ’, ಬ್ಯಾರಿಟೋನಿಗೆ ‘ಎರಡನೇ ಜೊತೆದನಿ’ ಅನ್ನೋಣವೇ ಅಂತ ಯೋಚನೆ. ಕೇಳಲು ಸ್ವಲ್ಪ ಸಪ್ಪೆ, ಆದರೆ ಎಲ್ಲೂ ಸುಳ್ಳಾಗುವುದಿಲ್ಲ.

ಅಂದಹಾಗೆ, ಬ್ಲೂಗ್ರಾಸ್ ದನಿಯನ್ನು ಬಣ್ಣಿಸುವ ‘ಹೈ ಲೋನ್‌ಸಮ್’ ಅನ್ನುವ ಮಾತಿಗೆ ‘ಬಿಕೋ ಎನ್ನುವ ಏರುದನಿ’ ಅಂತ ಹಾಕಿದ್ದೇನೆ. ‘ಏಕಾಂತ’ ಬೇಡವೇ ಬೇಡ, ಅದರಲ್ಲಿ ನೆಮ್ಮದಿ ಇದೆ. ಈ ಹಾಡಿಕೆಯಲ್ಲಿ ಅದಿಲ್ಲ.

ಮಂಗಳೂರು ಕಡೆಯ ಕನ್ನಡ ಚರ್ಚುಗಳಲ್ಲಿ ನಾಲ್ಕು ದನಿಗಳಲ್ಲಿ ಹಾಡುವವರು ಇದ್ದಾರೆ. ಅಭ್ಯಾಸದ ಹೊತ್ತಿಗೆ ಅವರು ಈ ಪಾಲುಗಳನ್ನು ಏನೆಂದು ಕರೆಯುತ್ತಾರೆ? ಪುಸ್ತಕದ ಪದ ಬೇಡ, ಬಾಯಲ್ಲಿ ಬರುವ ಪದ ಗೊತ್ತಿದ್ದರೆ ಹೇಳಿ.