ಪದ ಬೇಕು: ಸಸ್ಪೆನ್ಷನ್ ಬುಷ್‌ಗೆ ಕನ್ನಡದಲ್ಲಿ ಏನು? (ಇವತ್ತು ರಾತ್ರಿಯೊಳಗೆ)

ಗೆಳೆಯರೇ,

ಒಂದು ಪದ ತುರ್ತಾಗಿ ಬೇಕು. ಚಿಕ್ಕ ಕಾರಿನ ಹಳೆಯ ಸಸ್ಪೆನ್ಷನ್ ಬುಷ್ ತೆಗೆದು ಮನೆಯಲ್ಲೇ ಹೊಸದು ಹಾಕುವುದು ಹೇಗೆ ಅನ್ನುವ 8 ಪುಟದ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ. ಬಿಡಿಭಾಗದ ಪೆಟ್ಟಿಗೆಗೆ ಅಂಟಿಸುವ ಚೀಟಿಯಲ್ಲೂ ಇದೇ ಪದ ಇರಬೇಕು.

ನನ್ನ ಕೈಗೆ ಬಂದದ್ದು ಯಂತ್ರ ಮಾಡಿದ ಕರಡು. ಅದರ ತಲೆಬರಹ ಹೀಗಿದೆ: "ಧರಿಸಿದ ಅಮಾನತು ಪೊದೆಗಳನ್ನು ಬದಲಾಯಿಸುವುದು". ವೋರ್ನ್ ಅಂದರೆ ತೊಟ್ಟದ್ದು, ಸಸ್ಪೆನ್ಷನ್ ಅಂದರೆ ಕೆಲಸದಿಂದ ದೂರ ಇಟ್ಟದ್ದು, ಬುಷ್ ಅಂದರೆ ಗಿಡಗಳ ಪೊದೆ ಅಂತ ಅದು ತಿಳಿದಿದೆ. ಮೂರನ್ನೂ ತೆಗೆದುಹಾಕಿದ್ದೇನೆ. ಆ ಜಾಗಕ್ಕೆ ಏನು ಬರೆಯಲಿ?

ಭಾಗ ಯಾವುದು ಅಂತ ತಿಳಿಯದವರಿಗೆ ಹೇಳುತ್ತೇನೆ. ಸಸ್ಪೆನ್ಷನ್ ಅಂದರೆ ರಸ್ತೆಯ ಕುಲುಕಾಟ ಕಾರಿನ ಮೈಗೆ ಅಷ್ಟಾಗಿ ತಾಗದಂತೆ ಚಕ್ರಗಳನ್ನು ಹಿಡಿದಿರುವ ವ್ಯವಸ್ಥೆ. ಚಕ್ರವನ್ನು ಹಿಡಿದಿರುವ ಲೋವರ್ ಆರ್ಮ್ (ಕೆಳಗಿನ ತೋಳು) ಕಾರಿನ ಮೈಗೆ ಸೇರುವ ಕಡೆ ಬುಷ್ ಕೂತಿರುತ್ತದೆ. ಹೊರಗೊಂದು ಉಕ್ಕಿನ ಕೊಳವೆ, ಒಳಗೊಂದು ಸಣ್ಣ ಕೊಳವೆ, ನಡುವೆ ಎರಡಕ್ಕೂ ಅಂಟಿಕೊಂಡ ರಬ್ಬರ್. ಒಳಗಿನ ಕೊಳವೆಯಲ್ಲಿ ಬೋಲ್ಟು ಹಾದುಹೋಗುತ್ತದೆ. ಇದು ಹಾಳಾದರೆ ಗುಂಡಿಗಳ ಮೇಲೆ ಹೋಗುವಾಗ ಕೆಳಗಿನಿಂದ ಟಕ್ ಟಕ್ ಅಂತ ಸದ್ದು ಬರುತ್ತದೆ. ಬ್ರೇಕ್ ಹಾಕಿದರೆ ಕಾರು ಒಂದು ಕಡೆಗೆ ಎಳೆಯಬಹುದು. ಟಯರು ಒಂದೇ ಬದಿ ಸವೆಯಬಹುದು.

ಇನ್ನೆರಡು ಅನುಮಾನ ಇವೆ. "ಸವೆದ ಬುಷ್" ಅನ್ನುವುದು ಸರಿಯೇ? ಮತ್ತೆ, ಕೊನೆಯ ಪುಟದಲ್ಲಿ ಬೋಲ್ಟನ್ನು "ಸವಾರಿ ಎತ್ತರದಲ್ಲಿ ಬಿಗಿಸಿ" ಅಂತ ಯಂತ್ರ ಬರೆದಿದೆ. ಮೂಲದಲ್ಲಿ ರೈಡ್ ಹೈಟ್ ಅಂತ ಇದೆ. ಓದಿದವನು ಏನು ಮಾಡಬೇಕು ಅಂತ ನನಗೇ ತಿಳಿಯುತ್ತಿಲ್ಲ.

* * *

ಮರು: ಪದ ಬೇಕು

ಬುಷ್ ಅಂತಲೇ ಬರೆಯಿರಿ. ಗ್ಯಾರೇಜಿನಲ್ಲಿ ಎಲ್ಲರೂ ಅದನ್ನೇ ಹೇಳುವುದು. ಚರ್ಚೆಗೆ ಏನಿದೆ?

* * *

ಮರು: ಪದ ಬೇಕು

> ಚರ್ಚೆಗೆ ಏನಿದೆ?

ಎಲ್ಲವೂ ಇದೆ. ನಮ್ಮಲ್ಲಿ ಪದ ಇಟ್ಟುಕೊಂಡು ಸುಮ್ನೆ ಬೇರೆ ಕಡೆ ಕೈಚಾಚುವುದು ಯಾಕೆ?

ಅಣಸು ಅನ್ನುವ ಪದ ಯಾರಿಗಾದರೂ ನೆನಪಿದೆಯೇ? ಒನಕೆಯ ತುದಿಗೆ ಹಾಕುವ ಕಬ್ಬಿಣದ ಬಳೆ. ಕೋಲಿನ ತುದಿಗೆ ಹಾಕುವ ಲೋಹದ ಬಳೆಯೂ ಅಣಸೇ. ಮೂರೇ ಅಕ್ಷರ, ಅಚ್ಚಗನ್ನಡ. ಬಾಯಲ್ಲಿ ಸಲೀಸಾಗಿ ನಿಲ್ಲುತ್ತದೆ. ವಿಭಕ್ತಿ ಹಚ್ಚಲು ಕಷ್ಟವೇ ಇಲ್ಲ: ಅಣಸನ್ನು, ಅಣಸಿಗೆ, ಅಣಸಿನ. "ಬುಷ್‌ಗಳನ್ನು" ಅಂತ ನಡುವೆ ಒಡೆದು ಬರೆಯುವ ಗೋಳೂ ಇರುವುದಿಲ್ಲ. "ರಬ್ಬರ್ ಅಣಸು" ಅನ್ನಿ. ನಾಲ್ಕು ಸಲ ಓದಿದವರಿಗೆ ಐದನೇ ಸಲ ಅದು ತಮ್ಮದೇ ಪದ ಆಗುತ್ತದೆ.

ಬಂಡಿಯ ಭಾಗಗಳಿಗೆಲ್ಲ ನಮ್ಮಲ್ಲಿ ಹೆಸರಿದ್ದವು. ಅಚ್ಚು, ಗುಂಬ, ಕಡೆಗೀಲು, ನೊಗ. ಬಂಡಿ ಹೋಗಿ ಕಾರು ಬಂದ ಕೂಡಲೇ ನಾಲಿಗೆ ಬಿದ್ದುಹೋಯಿತೇ?

* * *

ಮರು: ಪದ ಬೇಕು

ಸಸ್ಪೆನ್ಷನ್‌ಗೆ ಯಾರೂ ಉತ್ತರ ಕೊಟ್ಟಿಲ್ಲ. "ನಿಲಂಬನ" ಅನ್ನುವುದು ಶಿಸ್ತಾದ ಪದ. ಬುಷ್‌ಗೆ "ಧಾರಕ ವಲಯ" ಅನ್ನಬಹುದು. ಹೀಗೆ ಬಳಸಿದರೆ ಬೇರೆ ಭಾರತೀಯ ಭಾಷೆಗಳ ಜೊತೆಗೂ ಹೊಂದುತ್ತದೆ. ತಾಂತ್ರಿಕ ಬರಹಕ್ಕೆ ಒಂದು ಘನತೆ ಬೇಕಲ್ಲವೇ?

* * *

ಮರು: ಪದ ಬೇಕು

ನಿಲಂಬನ ಬೇಡವೇ ಬೇಡ ಸಾರ್. ಹಿಂದಿಯಲ್ಲಿ ನೌಕರನನ್ನು ಅಮಾನತು ಮಾಡುವುದಕ್ಕೂ ಅದೇ ನಿಲಂಬನ. ಯಂತ್ರ ಬಿದ್ದ ಗುಂಡಿಗೆ ನಾವೂ ಹೋಗಿ ಬಿದ್ದ ಹಾಗಾಗುತ್ತದೆ. ಘನತೆ ಇರಬೇಕಾದ್ದು ಕೆಲಸದಲ್ಲಿ. ಕಾರಿನ ಕೆಳಗೆ ಮಲಗಿ ಓದುವವನಿಗೆ ಪದ ತಿಳಿಯಬೇಕು, ಅಷ್ಟೇ.

ಈಗ ಅಣಸಿನ ವಿಷಯ. ಪದ ನನಗೂ ಇಷ್ಟ. ಆದರೆ ಇಲ್ಲಿ ಅದು ತಪ್ಪು. ಇಷ್ಟು ಖಚಿತವಾಗಿ ಹೇಳಲು ಕಾರಣ ಇದೆ: ನನ್ನ ಚಿಕ್ಕ ಕಾರಿನ ನಾಲ್ಕೂ ಬುಷ್‌ಗಳನ್ನು ನನ್ನ ಕೈಯಾರೆ ಬದಲಾಯಿಸಿದ್ದೇನೆ.

ಅಣಸು ಮರದ ಹೊರಗೆ ಕೂರುತ್ತದೆ. ಒನಕೆಯ ತುದಿ ಸೀಳದಂತೆ ಸುತ್ತಲಿಂದ ಬಿಗಿಯಾಗಿ ಹಿಡಿಯುವುದು ಅದರ ಕೆಲಸ. ಬುಷ್ ತೂತಿನ ಒಳಗೆ ಕೂರುತ್ತದೆ. ಒಂದು ಹೊರಗಿನ ಬಳೆ, ಇನ್ನೊಂದು ಒಳಗಿನ ತುಂಬು. "ಆರ್ಮ್‌ಗೆ ಅಣಸು ಹಾಕಿ" ಅಂತ ಓದಿದರೆ, ಆ ಪದ ಗೊತ್ತಿರುವವನೇ ಜಾಸ್ತಿ ದಾರಿ ತಪ್ಪುತ್ತಾನೆ. ಗೊತ್ತಿಲ್ಲದವನು ಚಿತ್ರವನ್ನಾದರೂ ನೋಡುತ್ತಾನೆ.

"ಸವೆದ" ಅನ್ನುವುದನ್ನೂ ಸ್ವಲ್ಪ ಯೋಚಿಸಿ. ಸವೆಯುವುದು ಅಂದರೆ ಉಜ್ಜಿ ಉಜ್ಜಿ ತೆಳುವಾಗುವುದು. ಚಪ್ಪಲಿ ಸವೆಯುತ್ತದೆ, ಮೆಟ್ಟಿಲು ಸವೆಯುತ್ತದೆ, ಟಯರು ಸವೆಯುತ್ತದೆ. ಹಿತ್ತಾಳೆಯ ಬುಷ್ ಆದರೆ ಅದೂ ಸವೆಯುತ್ತದೆ, ಅದರೊಳಗೆ ಅಚ್ಚು ತಿರುಗುತ್ತದಲ್ಲ. ಈ ರಬ್ಬರ್ ಬುಷ್‌ನಲ್ಲಿ ಯಾವುದೂ ಜಾರುವುದಿಲ್ಲ, ತಿರುಗುವುದಿಲ್ಲ. ಒಳಕೊಳವೆಯನ್ನು ಬೋಲ್ಟು ಕಾರಿನ ಮೈಗೆ ಹಿಡಿದಿಟ್ಟಿರುತ್ತದೆ. ಹೊರಕೊಳವೆ ಆರ್ಮ್ ಜೊತೆ ಏಳುತ್ತದೆ, ಇಳಿಯುತ್ತದೆ. ನಡುವಿನ ರಬ್ಬರ್ ತಿರುಚಿಕೊಂಡು ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ವರ್ಷಗಳು ಕಳೆದಂತೆ ಅದು ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ, ಕೊನೆಗೆ ಲೋಹದಿಂದ ಬಿಟ್ಟುಕೊಳ್ಳುತ್ತದೆ. ಹಾಗಾಗಿ ತಲೆಬರಹದಲ್ಲಿ "ಹಾಳಾದ" ಅನ್ನಿ. ಒಳಗೆ ವಿವರಿಸುವಾಗ "ಬಿರುಕು ಬಿಟ್ಟ", "ರಬ್ಬರ್ ಬಿಟ್ಟುಕೊಂಡ" ಅಂತ ಬರೆಯಿರಿ. ಆಗ ಓದುವವನಿಗೆ ಏನನ್ನು ಹುಡುಕಬೇಕು ಅಂತ ತಿಳಿಯುತ್ತದೆ. "ಸವೆದ" ಅಂದರೆ ಅವನು ತೆಳುವಾಗಿದೆಯೇ ಅಂತ ನೋಡುತ್ತಾನೆ, ದಪ್ಪ ಹಾಗೇ ಇದೆಯಲ್ಲ ಅಂತ ಬಿಟ್ಟುಬಿಡುತ್ತಾನೆ.

ಇನ್ನು ನಿಮ್ಮ ಸವಾರಿ ಎತ್ತರ, ಅಂದರೆ ಕಾರು ತನ್ನ ಭಾರದಲ್ಲಿ ಚಕ್ರದ ಮೇಲೆ ನಿಂತಾಗಿನ ಎತ್ತರ. ನನಗೆ ಉಳಿದೆಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದೇ. ಅದಕ್ಕೆ ಪದ ಹುಡುಕಬೇಡಿ, ವಾಕ್ಯ ಬರೆಯಿರಿ. ಚಕ್ರ ಗಾಳಿಯಲ್ಲಿ ನೇತಾಡುವಾಗ ಆರ್ಮ್ ಕೆಳಕ್ಕೆ ಜೋತುಬಿದ್ದಿರುತ್ತದೆ. ಆಗಲೇ ಬೋಲ್ಟನ್ನು ಪೂರ್ತಿ ಬಿಗಿದರೆ ಒಳಕೊಳವೆ ಆ ಜೋತುಬಿದ್ದ ಸ್ಥಿತಿಯಲ್ಲೇ ಸಿಕ್ಕಿಬೀಳುತ್ತದೆ. ಕಾರನ್ನು ನೆಲಕ್ಕೆ ಇಳಿಸಿದ ತಕ್ಷಣ ಆರ್ಮ್ ಮೇಲೇಳುತ್ತದೆ, ರಬ್ಬರ್ ತಿರುಚಿಕೊಳ್ಳುತ್ತದೆ. ಕಾರು ಸುಮ್ಮನೆ ನಿಂತಿದ್ದರೂ ಆ ತಿರುಚು ಹೋಗುವುದಿಲ್ಲ. ಹೊಸ ಬುಷ್ ಬೇಗನೆ ಹರಿದುಹೋಗುತ್ತದೆ. ಮೊದಲ ಸಲ ನಾನು ಮಾಡಿದ್ದೇ ಹೀಗೆ. ಎರಡು ದಿನ ಬೆವರು ಹರಿಸಿ ಹಾಕಿದ್ದನ್ನು ಮತ್ತೆ ಬಿಚ್ಚಬೇಕಾಯಿತು. ನನ್ನ ಬಳಿ ಇದ್ದ ಕೈಪಿಡಿಯಲ್ಲಿ ಈ ಮಾತು ಒಂದು ಅರ್ಥವಾಗದ ಪದದೊಳಗೆ ಅಡಗಿತ್ತು. ನಿಮ್ಮ ಓದುಗರಿಗೆ ಹಾಗಾಗಬಾರದು.

* * *

ಮರು: ಪದ ಬೇಕು

ಹೊರಗೆ, ಒಳಗೆ ಅನ್ನುವ ಮಾತನ್ನು ಒಪ್ಪುತ್ತೇನೆ. ಹಾಗಾದರೆ "ಒಳಬಳೆ". "ರಬ್ಬರ್ ಒಳಬಳೆ". ಅಣಸು ಹೋದರೆ ನೇರ ಬುಷ್‌ಗೇ ಹೋಗಬೇಕು ಅಂತ ಏನೂ ಇಲ್ಲ.

ಪದದ ಅರ್ಥ ಬದಲಾಗಲೇಬಾರದು ಅನ್ನುವ ವಾದವನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಚ್ಚು ಅಂದರೆ ಬಂಡಿಯ ಅಚ್ಚು. ಬೆಲ್ಲದ ಅಚ್ಚೂ ಹೌದು. ಈ ಕೈಪಿಡಿ ನಾಳೆ ಹೋಗುವುದೂ ಅಚ್ಚಿಗೇ. ಯಾರಿಗೂ ಗೊಂದಲ ಆಗಿಲ್ಲ.

* * *

ಮರು: ಬುಷ್ ಎಲ್ಲಿಂದ ಬಂತು

ಒಂದು ವಿಷಯ ಯಾರೂ ಹೇಳಲಿಲ್ಲ. ಈ ಬುಷ್‌ಗೂ ಪೊದೆಯ ಬುಷ್‌ಗೂ ಸಂಬಂಧವೇ ಇಲ್ಲ. ಇಂಗ್ಲಿಶ್‌ನಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ, ಅಷ್ಟೇ. ಯಂತ್ರದ ಬುಷ್ ಹಳೆಯ ಡಚ್‌ನ ಬುಸ್ಸೆಯಿಂದ ಬಂದದ್ದು. ಅದರ ಅರ್ಥ ಡಬ್ಬಿ. ಅದರ ಹಿಂದೆ ಲ್ಯಾಟಿನ್‌ನ ಬುಕ್ಸಿಸ್, ಅದಕ್ಕೂ ಹಿಂದೆ ಗ್ರೀಕ್‌ನ ಪಿಕ್ಸಿಸ್. ಪಿಕ್ಸೋಸ್ ಅಂದರೆ ಒಂದು ಜಾತಿಯ ಗಟ್ಟಿ ಮರ, ಆ ಮರದಿಂದ ಮಾಡಿದ ಡಬ್ಬಿ ಪಿಕ್ಸಿಸ್. ಇಂಗ್ಲಿಶ್‌ನ ಬಾಕ್ಸ್ ಕೂಡ ಇದೇ ಬೇರಿನದು. ಜರ್ಮನ್ನರು ಇವತ್ತಿಗೂ ಬುಷ್‌ಗೆ ಬುಕ್ಸೆ ಅನ್ನುತ್ತಾರೆ.

ಅಂದರೆ ಇಂಗ್ಲಿಶ್‌ನವರದೂ ಸಾಲದ ಪದವೇ. ಫ್ರೆಂಚರು ರಬ್ಬರ್ ಬುಷ್‌ಗೆ ಸೈಲೆಂಟ್‌ಬ್ಲಾಕ್ ಅಂತ ಒಂದು ವ್ಯಾಪಾರದ ಹೆಸರನ್ನೇ ಹೇಳುತ್ತಾರೆ. ರಷ್ಯನ್ನರೂ ಅದನ್ನೇ ಎತ್ತಿಕೊಂಡಿದ್ದಾರೆ. ಅವರ ಭಾಷೆ ಸತ್ತುಹೋಗಿಲ್ಲ.

* * *

ಮರು: ಬುಷ್ ಎಲ್ಲಿಂದ ಬಂತು

> ಅವರ ಭಾಷೆ ಸತ್ತುಹೋಗಿಲ್ಲ.

ಅವರಿಗೆ ಶಾಲೆ, ಕಾಲೇಜು, ಕಾರ್ಖಾನೆ ಎಲ್ಲವೂ ಅವರ ಭಾಷೆಯಲ್ಲಿ ನಡೆಯುತ್ತವೆ. ಒಂದು ಪದ ಸಾಲ ತಂದರೆ ಅವರಿಗೆ ಏನೂ ಆಗುವುದಿಲ್ಲ. ನಮಗೆ ಯಂತ್ರದ ಮಾತೇ ಕನ್ನಡದಲ್ಲಿ ಇಲ್ಲ. ಕೈಪಿಡಿ ಬರೆಯುವಾಗಲೂ ಪದ ಕಟ್ಟದಿದ್ದರೆ ಇನ್ಯಾವಾಗ ಕಟ್ಟುವುದು? ಹೋಲಿಕೆ ಸರಿಯಿಲ್ಲ.

* * *

ಮರು: ಬುಷ್ ಎಲ್ಲಿಂದ ಬಂತು

ಯಂತ್ರದ ಮಾತು ಕನ್ನಡದಲ್ಲಿ ಇಲ್ಲ ಅಂತ ಯಾರು ಹೇಳಿದ್ದು ಮೇಷ್ಟ್ರೇ? "ಬುಷ್ ಹೋಗಿದೆ, ಆರ್ಮ್ ಇಳಿಸು, ಬೋಲ್ಟು ಸಡಿಲ ಮಾಡು, ಹುಷಾರು, ಸ್ಪ್ರಿಂಗು ಒತ್ತಿಕೊಂಡಿದೆ." ಇದು ಕನ್ನಡವೇ. ಕ್ರಿಯಾಪದ ಪೂರಾ ನಮ್ಮದು. ಇಳಿಸು, ಸಡಿಲಿಸು, ಒತ್ತು, ಕೂರಿಸು, ಬಿಗಿ, ಕೆರೆ, ಕಳಚು. ಎಷ್ಟು ನಿಖರವಾಗಿವೆ ನೋಡಿ. ಹೆಸರು ಹೊರಗಿನಿಂದ ಬಂದರೆ ಬರಲಿ. ಚಾವಿ ಪೋರ್ಚುಗೀಸರಿಂದ ಬಂತು. ಅಮಾನತು ಅರಬ್ಬಿಯಿಂದ ಬಂತು. ಯಾರಾದರೂ ವಾಪಸ್ ಕಳಿಸಿದ್ದೇವೆಯೇ?

ಹೆಸರಿನ ಜಗಳದಲ್ಲಿ ಕ್ರಿಯಾಪದ ಮರೆಯುತ್ತೇವೆ. ಈ ಕೈಪಿಡಿಯ ಕರಡಿನಲ್ಲಿ ಹೊಸ ಬುಷ್ ಹಾಕುವುದಕ್ಕೆ ಏನಿದೆ? ನನಗೆ ಆ ಭಯ ಇದೆ.

* * *

ಮರು: ಬುಷ್ ಎಲ್ಲಿಂದ ಬಂತು

"ಹೊಸ ಪೊದೆಯನ್ನು ಚಾಲನೆ ಮಾಡಿ" ಅಂತ ಇದೆ. ಮೂಲದಲ್ಲಿ ಡ್ರೈವ್ ಇನ್. ನಾನು "ಬಡಿದು ಕೂರಿಸಿ" ಅಂತ ತಿದ್ದಿದ್ದೆ.

* * *

ಮರು: ಕ್ರಿಯಾಪದ

ಬಡಿಯಬೇಡಿ. "ಒತ್ತಿ ಕೂರಿಸಿ" ಅನ್ನಿ. ಸುತ್ತಿಗೆಯಿಂದ ಬಡಿದರೆ ಹೊರಕೊಳವೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ, ಅಂಚು ಮಡಚಿಹೋಗುತ್ತದೆ. ಮನೆಯಲ್ಲಿ ಪ್ರೆಸ್ (ಒತ್ತುವ ಯಂತ್ರ) ಇರುವುದಿಲ್ಲ, ಅದಕ್ಕೆ ಉದ್ದನೆಯ ಬೋಲ್ಟು, ನಟ್ಟು, ದಪ್ಪ ವಾಷರು, ಸರಿಯಾದ ಅಳತೆಯ ಪೈಪಿನ ತುಂಡು ಇಟ್ಟು ನಟ್ಟನ್ನು ತಿರುಗಿಸುತ್ತಾ ಹೋಗುತ್ತೇವೆ. ಬುಷ್ ನಿಧಾನವಾಗಿ ಒಳಗೆ ಎಳೆದುಕೊಳ್ಳುತ್ತದೆ. ಒತ್ತಡ ಹೊರಕೊಳವೆಯ ಅಂಚಿನ ಮೇಲೆ ಮಾತ್ರ ಬೀಳಬೇಕು. ರಬ್ಬರಿನ ಮೇಲೂ ಅಲ್ಲ, ಒಳಕೊಳವೆಯ ಮೇಲೂ ಅಲ್ಲ. ಕೈಪಿಡಿಯಲ್ಲಿ "ಬುಷ್ ಅನ್ನು ಒತ್ತಿ" ಅಂತ ಮಾತ್ರ ಇದ್ದರೆ ಸಾಲದು, "ಹೊರಕೊಳವೆಯನ್ನು ಒತ್ತಿ" ಅಂತಲೇ ಬರೆಯಿರಿ.

ಹಳೆಯ ಬುಷ್ ತೆಗೆಯುವ ಮೊದಲು ಅದು ಯಾವ ದಿಕ್ಕಿಗೆ ಕೂತಿದೆ ಅಂತ ಆರ್ಮ್ ಮೇಲೆ ಗುರುತು ಹಾಕಲು ಹೇಳಿ. ಕೆಲವು ಬುಷ್‌ಗಳ ರಬ್ಬರಿನಲ್ಲಿ ಬೇಕಂತಲೇ ಬಿಟ್ಟ ಖಾಲಿ ಜಾಗ ಇರುತ್ತದೆ. ಅದು ಬಿರುಕಲ್ಲ. ಆ ಜಾಗಕ್ಕೆ "ಸೀಳು" ಅಂತ ಬರೆಯಬೇಡಿ, ಹಾಳಾಗಿದೆ ಅಂದುಕೊಳ್ಳುತ್ತಾರೆ. "ತೆರವು" ಅನ್ನಬಹುದು. ಕಾಗುಣಿತ ಸುಲಭ, ಅರ್ಥವೂ ಅದೇ.

ರಬ್ಬರಿಗೆ ಎಂಜಿನ್ ಆಯಿಲ್ ಅಥವಾ ಗ್ರೀಸ್ ಹಚ್ಚಬಾರದು, ಉಬ್ಬಿಕೊಳ್ಳುತ್ತದೆ. ಜಾರಲು ಬೇಕಾದರೆ ಸಾಬೂನು ನೀರು.

ಮತ್ತೆ ಜಾಕ್. "ಜಾಕ್ ಮೇಲೆ ಕಾರನ್ನು ನಿಲ್ಲಿಸಿ" ಅಂತ ಎಲ್ಲಾದರೂ ಇದ್ದರೆ ಈಗಲೇ ತಿದ್ದಿ. ಜಾಕ್ ಎತ್ತುತ್ತದೆ, ಸ್ಟ್ಯಾಂಡ್ ನಿಲ್ಲಿಸುತ್ತದೆ. ಇಲ್ಲಿ ಕ್ರಿಯಾಪದ ತಪ್ಪಿದರೆ ಜೀವ ಹೋಗುತ್ತದೆ.

* * *

ಮರು: ಬುಷ್ ಅಲ್ಲ, ಬುಶ್ಶು

ಇಷ್ಟೆಲ್ಲ ಮಾತಾಡಿದಿರಿ, ಕಾಗುಣಿತ ಯಾರೂ ನೋಡಲಿಲ್ಲ. ಗಿಡ್ಡ ಸ್ವರದ ಮುಂದೆ ಬರುವ ವ್ಯಂಜನ ಇಮ್ಮಡಿಯಾಗಿ ಉಕಾರ ಸೇರುವುದು ನಮ್ಮ ನಾಲಿಗೆಯ ಪದ್ಧತಿ. ಬಸ್ಸು, ನಟ್ಟು, ಕಪ್ಪು (ಕಾಫಿ ಕುಡಿಯುವ ಕಪ್). ಉದ್ದ ಸ್ವರ ಇದ್ದರೆ ಇಮ್ಮಡಿಯಾಗುವುದಿಲ್ಲ: ಕಾರು, ಟೇಪು. ಈ ಲೆಕ್ಕದಲ್ಲಿ ಬುಶ್ಶು, ಬುಶ್ಶಿಗೆ, ಬುಶ್ಶುಗಳು. ಸಾಲ ತಂದ ಮೇಲೆ ನಮ್ಮ ಬಟ್ಟೆ ತೊಡಿಸಬೇಕು. ಷಕಾರ ಬೇಡ, ಶಕಾರ ಸಾಕು.

* * *

ಮರು: ಬುಷ್ ಅಲ್ಲ, ಬುಶ್ಶು

ಬುಶ್ಶು ಅಂತ ಒಬ್ಬರೂ ಬರೆದದ್ದು ನಾನು ನೋಡಿಲ್ಲ. ಪೆಟ್ಟಿಗೆಯ ಮೇಲೆ ಇದ್ದರೆ ಅಚ್ಚಿನ ತಪ್ಪು ಅನ್ನುತ್ತಾರೆ. ನಿಯಮ ಸರಿ ಇದೆ. ಬಳಕೆ ಇನ್ನೂ ಅಲ್ಲಿಗೆ ಬಂದಿಲ್ಲ. ಬಿಡಿ.

* * *

ಮರು: ಪದ ಬೇಕು

ಎಲ್ಲರಿಗೂ ನಮಸ್ಕಾರ. ಕಡತ ಕಳಿಸುವ ಹೊತ್ತಾಯಿತು. ನಾನು ನಿಲ್ಲಿಸಿದ್ದು ಹೀಗೆ.

ತಲೆಬರಹ: "ಕಾರಿನ ಹಾಳಾದ ಸಸ್ಪೆನ್ಷನ್ ಬುಷ್ ಬದಲಾಯಿಸುವುದು". ಪೆಟ್ಟಿಗೆಯ ಚೀಟಿ: "ಲೋವರ್ ಆರ್ಮ್ ಬುಷ್". ಅಂಗಡಿಯಲ್ಲಿ ಕೇಳುವ ಪದವೂ ಚೀಟಿಯ ಪದವೂ ಒಂದೇ ಇರಬೇಕು ಅಂತ ಕೊನೆಗೆ ಅನಿಸಿತು. ಮೊದಲ ಪುಟದಲ್ಲಿ ಒಂದು ಸಲ ಹೀಗೆ ಬರೆದಿದ್ದೇನೆ: "ಬುಷ್ ಅಂದರೆ ಆರ್ಮ್‌ನ ತೂತಿನೊಳಗೆ ಕೂರುವ ರಬ್ಬರಿನ ಒಳಬಳೆ." ಒಳಬಳೆ ಕೊಟ್ಟವರಿಗೆ ವಂದನೆ. ವಿವರಣೆಗೆ ಅದಕ್ಕಿಂತ ಒಳ್ಳೆಯ ಪದ ಸಿಗಲಿಲ್ಲ. ಅದನ್ನು ಓದಿದರೆ ಚಿತ್ರವೇ ಬೇಡ.

ಸವಾರಿ ಎತ್ತರ ಪೂರ್ತಿ ಹೋಯಿತು. ಆ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಈ ಸಾಲು ಇದೆ: "ಈಗ ಬೋಲ್ಟನ್ನು ಕೈಯಿಂದ ತಿರುಗಿಸಿ ನಿಲ್ಲಿಸಿ. ಚಕ್ರ ಹಾಕಿ ಕಾರನ್ನು ನೆಲಕ್ಕೆ ಇಳಿಸಿ. ಕಾರಿನ ಭಾರ ಚಕ್ರದ ಮೇಲೆ ಕೂತ ಮೇಲೆಯೇ ಬೋಲ್ಟನ್ನು ಪೂರ್ತಿ ಬಿಗಿಯಿರಿ." ಕೆಳಗೆ ಕಾರಣವನ್ನೂ ಎರಡು ಸಾಲಿನಲ್ಲಿ ಹೇಳಿದ್ದೇನೆ. ಕಾರಣ ಗೊತ್ತಿದ್ದವನು ಹಂತ ಬಿಡುವುದಿಲ್ಲ. ಆಮೇಲೆ ವೀಲ್ ಅಲೈನ್‌ಮೆಂಟ್, ಅಂದರೆ ಚಕ್ರಗಳ ಓರೆ ಸರಿಪಡಿಸುವ ಕೆಲಸ, ಮಾಡಿಸಲು ಹೇಳಿದ್ದೇನೆ. ಅದಕ್ಕೆ ಕನ್ನಡ ಪದ ಕೇಳಲು ಇವತ್ತು ಹೊತ್ತಿಲ್ಲ.

ಜಾಕ್ ಮೇಲೆ ನಿಲ್ಲಿಸಿ ಅನ್ನುವುದು ಎರಡು ಕಡೆ ಇತ್ತು. ಎರಡನ್ನೂ ತಿದ್ದಿದೆ.

* * *

ಮರು: ಪದ ಬೇಕು

ವೀಲ್ ಅಲೈನ್‌ಮೆಂಟ್‌ಗೆ "ಗಾಲಿ ನೇರ್ಪು" ಅನ್ನಬಹುದಿತ್ತು. ಎರಡನೇ ಮುದ್ರಣಕ್ಕೆ ಇಟ್ಟುಕೊಳ್ಳಿ.